ಒತ್ತಡದ ಅಂಕಿ ನೋಡಿ ಔಷಧಿ ತಲುಪಿತೆಂದು ಹೇಳಬಹುದೇ?

ಪ್ರಶ್ನೆ: ನಾನು ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಮೈಗೆ ಅಂಟಿಸಿಕೊಂಡು ಚರ್ಮದಡಿಗೆ ಸ್ವಲ್ಪಸ್ವಲ್ಪವಾಗಿ ಔಷಧಿ ಸೇರಿಸುವ ಸಣ್ಣ ಸಾಧನವೊಂದನ್ನು ನಮ್ಮ ತಂಡ ಪ್ರಾಜೆಕ್ಟ್ ಆಗಿ ರೂಪಿಸುತ್ತಿದೆ. ಔಷಧಿ ಪೂರ್ತಿ ಹೋಯಿತೇ ಎಂದು ತಿಳಿಯಲು ಒಂದು ಒತ್ತಡ ಸಂವೇದಕ ಇಟ್ಟರೆ ಸಾಕೇ? ಅದನ್ನು ಎಲ್ಲಿ ಇಡಬೇಕು, ಅಲಾರಂ ಎಷ್ಟು ಒತ್ತಡಕ್ಕೆ ಹೊಡೆಯಬೇಕು? ಸ್ಪ್ರಿಂಗ್‌ನಿಂದ ಕೆಲಸ ಮಾಡುವ ಆಟೋ ಇಂಜೆಕ್ಟರ್‌ಗಳಿಗೂ ಇದೇ ಕ್ರಮ ಹೊಂದುತ್ತದೆಯೇ?

ಉತ್ತರ: ಒಂದು ಒತ್ತಡ ಸಂವೇದಕ ಮಾತ್ರವೇ ಸಾಲದು, ಆದರೆ ಅದಿಲ್ಲದ ಸಾಧನವನ್ನು ರೋಗಿಯ ಮೈಮೇಲೆ ಇಡಲು ನಾನು ಒಪ್ಪುವುದಿಲ್ಲ. ಈ ಎರಡೂ ಮಾತುಗಳು ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂಬುದನ್ನು ವಿವರಿಸಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಬಹುಮಟ್ಟಿಗೆ ಉತ್ತರ ಸಿಗುತ್ತದೆ. ಎಷ್ಟು ಔಷಧಿ ಹೊರಟಿತು ಎಂಬುದನ್ನು ಹೇಳುವುದು ಪ್ಲಂಜರ್, ಅಂದರೆ ಔಷಧಿಯನ್ನು ಹಿಂದಿನಿಂದ ತಳ್ಳುವ ಬಿರಡೆ, ಎಷ್ಟು ದೂರ ಸರಿಯಿತು ಎಂಬ ಅಳತೆ. ಆ ಔಷಧಿಗೆ ದಾರಿಯಲ್ಲಿ ಎಷ್ಟು ಪ್ರತಿರೋಧ ಎದುರಾಯಿತು ಎಂಬುದನ್ನು ಹೇಳುವುದು ಒತ್ತಡ. ಪ್ಲಂಜರ್ ಸರಿದಿದೆ, ಮೋಟಾರು ಸರಿಯಾದಷ್ಟು ಸುತ್ತು ಹಾಕಿದೆ, ಆದರೂ ಔಷಧಿ ಕೊಳವೆಯಲ್ಲೇ ಸಿಕ್ಕಿಕೊಂಡು ನಿಂತಿರುವುದು ಸಾಧ್ಯ. ಹಾಗಾಗಿ ಒತ್ತಡ ಸಂವೇದಕದ ಕೆಲಸ ಡೋಸನ್ನು ಅಳೆಯುವುದಲ್ಲ, ಪ್ಲಂಜರಿನ ಲೆಕ್ಕವನ್ನು ನಂಬಬಹುದೇ ಎಂದು ಪರೀಕ್ಷಿಸುವುದು. ವಿನ್ಯಾಸ ಮಾಡುವಾಗ ಇದನ್ನು ಮರೆತರೆ ಸಂವೇದಕ ಎಷ್ಟೇ ಒಳ್ಳೆಯದಿದ್ದರೂ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಮೊದಲು ವೇಗದ ಚುಚ್ಚುಮದ್ದನ್ನು ನೋಡೋಣ. ಕಿರಿದಾದ ಕೊಳವೆಯಲ್ಲಿ ದ್ರವ ಪದರಪದರವಾಗಿ ಹರಿಯುವಾಗ ಬೇಕಾಗುವ ಒತ್ತಡವು ದ್ರವದ ಸ್ನಿಗ್ಧತೆ (ಹರಿಯಲು ಅದು ಒಡ್ಡುವ ತಡೆ), ಕೊಳವೆಯ ಉದ್ದ ಮತ್ತು ಹರಿವಿನ ಪ್ರಮಾಣಗಳಿಗೆ ನೇರ ಅನುಪಾತದಲ್ಲಿಯೂ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಇದು ಹೇಗನ್ ಮತ್ತು ಪ್ವಾಸೆಯ್ ಅವರ ಹೆಸರಿನ ನಿಯಮ, ನೀವು ಓದಿರುತ್ತೀರಿ. ನೀರಿಗಿಂತ 10 ಪಟ್ಟು ಸ್ನಿಗ್ಧವಾದ, ಅಂದರೆ ಸುಮಾರು 10 ಮಿಲಿಪ್ಯಾಸ್ಕಲ್ ಸೆಕೆಂಡಿನ, ಆಂಟಿಬಾಡಿ ಔಷಧಿಯೊಂದನ್ನು 27 ಗೇಜ್ ಸೂಜಿಯ ಮೂಲಕ 10 ಸೆಕೆಂಡಿನಲ್ಲಿ 1 ಮಿಲಿಲೀಟರ್ ಕೊಡಬೇಕೆಂದು ಇಟ್ಟುಕೊಳ್ಳಿ. ಸೂಜಿಯ ಒಳವ್ಯಾಸ 0.21 ಮಿಲಿಮೀಟರ್, ಉದ್ದ 20 ಮಿಲಿಮೀಟರ್ ಎಂದು ಹಿಡಿದರೆ ಸೂಜಿಯೊಂದಕ್ಕೇ ಸುಮಾರು 420 ಕಿಲೋಪ್ಯಾಸ್ಕಲ್ ಬೇಕಾಗುತ್ತದೆ. ಇದು ವಾತಾವರಣದ ಒತ್ತಡದ 4 ಪಟ್ಟಿಗಿಂತ ಹೆಚ್ಚು. ಹರಿವು ಪದರಪದರವಾಗಿರುತ್ತದೋ ಕದಡುತ್ತದೋ ಎಂದು ಸೂಚಿಸುವ ರೆನಾಲ್ಡ್ಸ್ ಸಂಖ್ಯೆ ಇಲ್ಲಿ ಸುಮಾರು 60ರಷ್ಟು ಕಡಿಮೆ ಆಗಿರುವುದರಿಂದ ಹರಿವು ಪದರಪದರವಾಗಿಯೇ ಇರುತ್ತದೆ, ಸೂತ್ರವನ್ನು ಬಳಸಲು ಅಡ್ಡಿಯಿಲ್ಲ. ಆದರೆ ಸೂಜಿಯ ಗೋಡೆಯ ಬಳಿ ದ್ರವದ ಕತ್ತರಿಸುವಿಕೆಯ ದರ (ಪದರಗಳು ಒಂದರ ಮೇಲೊಂದು ಜಾರುವ ತೀವ್ರತೆ) ಸೆಕೆಂಡಿಗೆ ಒಂದು ಲಕ್ಷವನ್ನು ದಾಟುತ್ತದೆ, ಅಂತಹ ದರದಲ್ಲಿ ಸಾಂದ್ರವಾದ ಪ್ರೋಟೀನ್ ದ್ರಾವಣಗಳು ಸ್ವಲ್ಪ ತೆಳುವಾಗುವುದರಿಂದ ನಿಜವಾದ ಒತ್ತಡ ಲೆಕ್ಕಕ್ಕಿಂತ ಕಡಿಮೆ ಬರಬಹುದು.

ಈ ನಾಲ್ಕನೆಯ ಘಾತದ ಮೇಲೆ ಸ್ವಲ್ಪ ಹೊತ್ತು ಗಮನ ನಿಲ್ಲಿಸಬೇಕು. ಸೂಜಿಯ ತ್ರಿಜ್ಯ ಶೇಕಡಾ 10ರಷ್ಟು ಕಿರಿದಾದರೆ ಅದೇ ಹರಿವಿಗೆ ಬೇಕಾಗುವ ಒತ್ತಡ ಶೇಕಡಾ 50ಕ್ಕಿಂತ ಹೆಚ್ಚಾಗುತ್ತದೆ. ತಯಾರಿಕೆಯಲ್ಲಿ ಅನುಮತಿಸಿರುವ ಸಣ್ಣ ವ್ಯತ್ಯಾಸವೇ ಒಂದು ಸೂಜಿಯಿಂದ ಇನ್ನೊಂದಕ್ಕೆ ಒತ್ತಡವನ್ನು ಗಣನೀಯವಾಗಿ ಬದಲಿಸಬಲ್ಲದು. ಅದರ ಜೊತೆಗೆ, ಶೈತ್ಯಾಗಾರದಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಟ್ಟಿದ್ದ ಔಷಧಿಯನ್ನು ಕೋಣೆಯ ಉಷ್ಣತೆಗೆ ಬರಲು ಬಿಡದೆ ಬಳಸಿದರೆ ಸ್ನಿಗ್ಧತೆ ಬಹಳ ಹೆಚ್ಚಿರುತ್ತದೆ. ಬರಿಯ ನೀರೇ 5 ಡಿಗ್ರಿಯಲ್ಲಿ 20 ಡಿಗ್ರಿಗಿಂತ ಸುಮಾರು ಒಂದೂವರೆ ಪಟ್ಟು ಸ್ನಿಗ್ಧವಾಗಿರುತ್ತದೆ, ಸಾಂದ್ರ ಪ್ರೋಟೀನ್ ದ್ರಾವಣಗಳಲ್ಲಿ ಈ ಏರಿಕೆ ಇನ್ನೂ ಕಡಿದಾಗಿರುತ್ತದೆ. ಇಷ್ಟೆಲ್ಲ ಏರುಪೇರುಗಳ ನಡುವೆ ಚರ್ಮದಡಿಯ ಅಂಗಾಂಶವು ಒಡ್ಡುವ ಪ್ರತಿರೋಧ ಸಾಮಾನ್ಯವಾಗಿ ಕೆಲವು ಕಿಲೋಪ್ಯಾಸ್ಕಲ್‌ಗಳಿಂದ ಕೆಲವು ಹತ್ತು ಕಿಲೋಪ್ಯಾಸ್ಕಲ್‌ಗಳಷ್ಟು ಮಾತ್ರ. 420ರ ಎದುರು ಅದು ಅಡಗಿಹೋಗುತ್ತದೆ. ಆದ್ದರಿಂದ ವೇಗದ ಚುಚ್ಚುಮದ್ದಿನಲ್ಲಿ ನೀವು ಓದುತ್ತಿರುವ ಒತ್ತಡ ಬಹುಪಾಲು ಸೂಜಿಯದು, ರೋಗಿಯ ದೇಹದ್ದಲ್ಲ.

ನಿಮ್ಮ ಸಾಧನ ನಿಧಾನವಾದದ್ದು. ಅಲ್ಲಿ ಚಿತ್ರ ತಲೆಕೆಳಗಾಗುತ್ತದೆ. ಎಲ್ಲರಿಗೂ ಪರಿಚಯವಿರುವ ಇನ್ಸುಲಿನ್ ಪಂಪಿನ ಅಂಕಿಗಳನ್ನೇ ತೆಗೆದುಕೊಳ್ಳುತ್ತೇನೆ. ಯು-100 ಇನ್ಸುಲಿನ್‌ನಲ್ಲಿ 1 ಯೂನಿಟ್ ಎಂದರೆ 10 ಮೈಕ್ರೋಲೀಟರ್. ಗಂಟೆಗೆ 1 ಯೂನಿಟ್ ಹರಿಯುತ್ತಿದ್ದರೆ, ಸ್ನಿಗ್ಧತೆ ನೀರಿನಷ್ಟೇ ಎಂದು ಹಿಡಿದಾಗ, ಅದೇ ಸೂಜಿಯಲ್ಲಿ ಬೀಳುವ ಸರಾಸರಿ ಒತ್ತಡ ಸುಮಾರು 1 ಪ್ಯಾಸ್ಕಲ್. ಕಿಲೋಪ್ಯಾಸ್ಕಲ್ ಅಲ್ಲ, ಬರಿಯ ಪ್ಯಾಸ್ಕಲ್. ಇದನ್ನು ಯಾವ ಅಗ್ಗದ ಸಂವೇದಕವೂ ಕಾಣಲಾರದು, ಕಂಡರೂ ಪ್ರಯೋಜನವಿಲ್ಲ, ಏಕೆಂದರೆ ಕೊಳವೆಯ ಒಂದು ತುದಿ ಇನ್ನೊಂದಕ್ಕಿಂತ 10 ಸೆಂಟಿಮೀಟರ್ ಮೇಲಿದ್ದರೆ ಅದೊಂದರಿಂದಲೇ ಸುಮಾರು 1 ಕಿಲೋಪ್ಯಾಸ್ಕಲ್ ವ್ಯತ್ಯಾಸ ಬರುತ್ತದೆ. ರೋಗಿ ಮಗ್ಗುಲು ಬದಲಿಸಿದರೆ ಸಾಕು, ಅಂಕಿ ಏರಿಳಿಯುತ್ತದೆ. ಆದರೆ ಪಂಪು ಔಷಧಿಯನ್ನು ಸತತವಾಗಿ ಹರಿಸುವುದಿಲ್ಲ, ಸಣ್ಣ ಸಣ್ಣ ತಳ್ಳುಗಳಲ್ಲಿ ಕೊಡುತ್ತದೆ. 0.05 ಯೂನಿಟ್, ಅಂದರೆ ಅರ್ಧ ಮೈಕ್ರೋಲೀಟರ್, ಅರ್ಧ ಸೆಕೆಂಡಿನಲ್ಲಿ ಹೋದರೆ ಆ ಕ್ಷಣದ ಒತ್ತಡ ಸುಮಾರು 400 ಪ್ಯಾಸ್ಕಲ್ ಮುಟ್ಟುತ್ತದೆ. ಸರಾಸರಿಯಲ್ಲಿ ಕಾಣದ ಮಾಹಿತಿ ಹೀಗೆ ತಳ್ಳಿನ ಕ್ಷಣದಲ್ಲಿ ಕಾಣಿಸಿಕೊಳ್ಳುತ್ತದೆ. ನಿಧಾನದ ಸಾಧನದಲ್ಲಿ ನೀವು ಗಮನಿಸಬೇಕಾದುದು ಒತ್ತಡದ ಮಟ್ಟವನ್ನಲ್ಲ, ಪ್ರತಿ ತಳ್ಳಿಗೂ ಅದು ಏರಿ ಇಳಿಯುವ ರೀತಿಯನ್ನು.

ಇಷ್ಟಾದ ಮೇಲೆ ಅಲಾರಂ ಮಿತಿಯ ವಿಚಾರಕ್ಕೆ ಬರೋಣ, ಏಕೆಂದರೆ ಹೆಚ್ಚಿನ ವಿದ್ಯಾರ್ಥಿಗಳು ಎಡವುವುದು ಇಲ್ಲಿ. ಒತ್ತಡ ಇಷ್ಟು ದಾಟಿದರೆ ಅಡಚಣೆ ಎಂದು ಘೋಷಿಸಿಬಿಡುವುದು ಸುಲಭವಾಗಿ ಕಾಣುತ್ತದೆ. ಆದರೆ ಕೊಳವೆ, ರಬ್ಬರಿನ ಪ್ಲಂಜರ್ ತಲೆ, ಔಷಧಿಯ ಕೋಶ ಇವೆಲ್ಲ ಒತ್ತಡಕ್ಕೆ ಸ್ವಲ್ಪಸ್ವಲ್ಪ ಹಿಗ್ಗುತ್ತವೆ. ಒಂದು ಕಿಲೋಪ್ಯಾಸ್ಕಲ್ ಏರಿದರೆ ಇಡೀ ವ್ಯವಸ್ಥೆ 0.2 ಮೈಕ್ರೋಲೀಟರ್‌ನಷ್ಟು ಹಿಗ್ಗುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳಿ, ಅಲಾರಂ ಮಿತಿ 100 ಕಿಲೋಪ್ಯಾಸ್ಕಲ್ ಇರಲಿ. ಸೂಜಿಯ ತುದಿ ಪೂರ್ತಿ ಮುಚ್ಚಿಹೋದರೂ ಪಂಪು ತಳ್ಳುತ್ತಲೇ ಇರುತ್ತದೆ, ಕೊಳವೆ ಹಿಗ್ಗುತ್ತಲೇ ಇರುತ್ತದೆ. ಮಿತಿ ಮುಟ್ಟಲು 20 ಮೈಕ್ರೋಲೀಟರ್, ಅಂದರೆ 2 ಯೂನಿಟ್ ಬೇಕು. ಗಂಟೆಗೆ 1 ಯೂನಿಟ್ ದರದಲ್ಲಿ ಅದು 2 ಗಂಟೆಯ ವಿಳಂಬ. ಚಿಕ್ಕ ಮಗುವಿಗೆ ಗಂಟೆಗೆ 0.1 ಯೂನಿಟ್ ಕೊಡುತ್ತಿದ್ದರೆ 20 ಗಂಟೆ. ಪಂಪಿನಲ್ಲಿ ಬಳಸುವುದು ಸಾಮಾನ್ಯವಾಗಿ ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಮೈಯಲ್ಲಿ ಬೇರೆ ದಾಸ್ತಾನಿಲ್ಲ. ಹರಿವು ನಿಂತ ಕೆಲವೇ ಗಂಟೆಗಳಲ್ಲಿ ಟೈಪ್ 1 ಮಧುಮೇಹದ ರೋಗಿಯ ರಕ್ತದಲ್ಲಿ ಕೀಟೋನ್ ಎಂಬ ಅಪಾಯಕಾರಿ ಆಮ್ಲೀಯ ವಸ್ತು ಏರತೊಡಗುತ್ತದೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ಎಲ್ಲವೂ ಸರಿಯಾಗಿದೆ ಎಂಬ ಹಸಿರು ಗುರುತು ಇರುತ್ತದೆ ಎಂಬುದನ್ನು ನೆನೆದರೆ ನನಗೆ ಇವತ್ತಿಗೂ ಸಮಾಧಾನವಾಗುವುದಿಲ್ಲ.

ಅಪಾಯ ಅಲ್ಲಿಗೇ ಮುಗಿಯುವುದೂ ಇಲ್ಲ. ಮಡಚಿಕೊಂಡಿದ್ದ ಕೊಳವೆ ನೇರವಾದ ಕ್ಷಣ, ಹಿಗ್ಗಿದ ಗೋಡೆಗಳು ಕುಗ್ಗಿ, ಕೂಡಿಟ್ಟಿದ್ದ 2 ಯೂನಿಟ್ ಒಮ್ಮೆಗೇ ದೇಹಕ್ಕೆ ಹೋಗುತ್ತದೆ. ಆಸ್ಪತ್ರೆಯ ಸಿರಿಂಜ್ ಪಂಪಿನಲ್ಲಿ ರಕ್ತದೊತ್ತಡ ಏರಿಸುವ ಔಷಧಿಯೋ ನೋವು ಶಮನದ ಮಾರ್ಫಿನ್ ಬಗೆಯ ಔಷಧಿಯೋ ಇದ್ದರೆ ಹೀಗೆ ಹಠಾತ್ತಾಗಿ ಹೋಗುವ ಪ್ರಮಾಣ ಜೀವಕ್ಕೇ ಎರವಾಗಬಹುದು. ಅದಕ್ಕಾಗಿಯೇ ಒಳ್ಳೆಯ ಪಂಪುಗಳು ಅಡಚಣೆಯನ್ನು ಕಂಡ ಕೂಡಲೇ ಮೋಟಾರನ್ನು ಹಿಂದಕ್ಕೆ ತಿರುಗಿಸಿ, ಕೂಡಿಕೊಂಡ ಒತ್ತಡವನ್ನು ಇಳಿಸಿ, ಆಮೇಲೆ ಅಲಾರಂ ಹೊಡೆಯುತ್ತವೆ. ಇನ್ಫ್ಯೂಷನ್ ಪಂಪುಗಳಿಗಿರುವ ಐಇಸಿ 60601-2-24 ಮಾನದಂಡವು ಅಡಚಣೆಯ ಅಲಾರಂಗೆ ಹಿಡಿಯುವ ಸಮಯವನ್ನೂ ಅಡಚಣೆ ಬಿಟ್ಟಾಗ ಒಮ್ಮೆಗೇ ಹೋಗುವ ಪ್ರಮಾಣವನ್ನೂ ತಯಾರಕರು ಅಳೆದು ತಿಳಿಸಬೇಕೆಂದು ಕೇಳುವುದು ಈ ಕಾರಣದಿಂದ. ನಿಮ್ಮ ಪ್ರಾಜೆಕ್ಟ್ ವರದಿಯಲ್ಲಿಯೂ ಈ ಎರಡು ಅಂಕಿಗಳು ಇರಲೇಬೇಕು.

ಗಾಳಿಯ ಗುಳ್ಳೆ ಈ ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತದೆ. ವಾತಾವರಣದ ಒತ್ತಡದಲ್ಲಿ 100 ಮೈಕ್ರೋಲೀಟರ್ ಇರುವ ಗುಳ್ಳೆಯೊಂದು ಒತ್ತಡ ಇನ್ನೊಂದು 100 ಕಿಲೋಪ್ಯಾಸ್ಕಲ್ ಏರಿದಾಗ ಅರ್ಧಕ್ಕೆ ಕುಗ್ಗುತ್ತದೆ, ಹಾಗೆ ಕುಗ್ಗಿ 50 ಮೈಕ್ರೋಲೀಟರ್ ಔಷಧಿಯನ್ನು, ಅಂದರೆ 5 ಯೂನಿಟ್ ಇನ್ಸುಲಿನ್ನನ್ನು ತನ್ನ ಜಾಗದಲ್ಲಿ ಬಚ್ಚಿಡುತ್ತದೆ. ಮೊದಲು ಲೆಕ್ಕ ಹಾಕಿದ 2 ಗಂಟೆಯ ವಿಳಂಬ ಈಗ 7 ಗಂಟೆಯಾಯಿತು. ವಿಮಾನ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡ ಸುಮಾರು 75 ಕಿಲೋಪ್ಯಾಸ್ಕಲ್‌ವರೆಗೂ ಇಳಿಯಬಹುದು. ಆಗ ಅದೇ ಗುಳ್ಳೆ 130 ಮೈಕ್ರೋಲೀಟರ್ ದಾಟಿ ಹಿಗ್ಗಿ, ಮೋಟಾರು ತಿರುಗದಿದ್ದರೂ ಔಷಧಿಯನ್ನು ಹೊರಕ್ಕೆ ತಳ್ಳಬಲ್ಲದು. ಸಂತೋಷದ ಸಂಗತಿಯೆಂದರೆ ಗುಳ್ಳೆಯನ್ನು ಒತ್ತಡ ಸಂವೇದಕ ಗುರುತಿಸಬಲ್ಲದು: ಗುಳ್ಳೆಯಿರುವ ವ್ಯವಸ್ಥೆಯಲ್ಲಿ ಪ್ರತಿ ತಳ್ಳಿಗೆ ಒತ್ತಡ ಏರುವ ಎತ್ತರ ಕಡಿಮೆಯಾಗುತ್ತದೆ, ಇಳಿಯುವ ಸಮಯ ಹೆಚ್ಚಾಗುತ್ತದೆ. ಔಷಧಿ ತುಂಬಿದ ಕೂಡಲೇ, ರೋಗಿಗೆ ಜೋಡಿಸುವ ಮೊದಲೇ, ಕೊಳವೆಯ ತುದಿಯನ್ನು ಮುಚ್ಚಿ ಒಂದು ಸಣ್ಣ ತಳ್ಳು ಕೊಟ್ಟು ಒತ್ತಡ ಎಷ್ಟು ಏರಿತು ಎಂದು ನೋಡುವ ವ್ಯವಸ್ಥೆಯನ್ನು ಸಾಧನದಲ್ಲೇ ಮಾಡಬಹುದು.

ಹಾಗಾದರೆ ಮಿತಿಯ ಬದಲು ಏನನ್ನು ನೋಡಬೇಕು? ಅದೇ ಉದಾಹರಣೆಯನ್ನು ಮುಂದುವರಿಸುತ್ತೇನೆ. ದಾರಿ ಪೂರ್ತಿ ಮುಚ್ಚಿದ್ದರೆ ಅರ್ಧ ಮೈಕ್ರೋಲೀಟರಿನ ಒಂದೊಂದು ತಳ್ಳಿಗೂ ಒತ್ತಡ 2.5 ಕಿಲೋಪ್ಯಾಸ್ಕಲ್ ಏರುತ್ತದೆ ಮತ್ತು ಇಳಿಯದೆ ಅಲ್ಲೇ ನಿಲ್ಲುತ್ತದೆ. ದಾರಿ ತೆರೆದಿದ್ದರೆ ಏರಿದ ಒತ್ತಡ ಕ್ಷಣಾರ್ಧದಲ್ಲಿ ಇಳಿಯುತ್ತದೆ. ಸೂಜಿಯ ಪ್ರತಿರೋಧವನ್ನು ವ್ಯವಸ್ಥೆಯ ಹಿಗ್ಗುವಿಕೆಯಿಂದ ಗುಣಿಸಿದರೆ ಬರುವ ಕಾಲಸ್ಥಿರಾಂಕ ಇಲ್ಲಿ ಸುಮಾರು 0.08 ಸೆಕೆಂಡು. ಇದು ನೀವು ವಿದ್ಯುತ್ ಮಂಡಲಗಳಲ್ಲಿ ಕಲಿತ ರೆಸಿಸ್ಟರ್ ಮತ್ತು ಕೆಪಾಸಿಟರಿನ ಲೆಕ್ಕವೇ. ಸೂಜಿಯ ಒಳತ್ರಿಜ್ಯ ಅರ್ಧಕ್ಕೆ ಇಳಿದರೆ ಪ್ರತಿರೋಧ 16 ಪಟ್ಟಾಗಿ, ಕಾಲಸ್ಥಿರಾಂಕ 1.3 ಸೆಕೆಂಡಿನ ಸುಮಾರಿಗೆ ಹೋಗುತ್ತದೆ. ಆಗಲೂ ಒತ್ತಡ 100 ಕಿಲೋಪ್ಯಾಸ್ಕಲ್‌ನ ಹತ್ತಿರಕ್ಕೂ ಸುಳಿಯುವುದಿಲ್ಲ, ಔಷಧಿಯೂ ಪೂರ್ತಿ ಹೋಗುತ್ತಿರುತ್ತದೆ, ಮಿತಿಯನ್ನಷ್ಟೇ ನೋಡುವ ಸಾಧನಕ್ಕೆ ಏನೂ ತಿಳಿಯುವುದಿಲ್ಲ; ಆದರೆ ಇಳಿಯುವ ಸಮಯವನ್ನು ಅಳೆಯುತ್ತಿರುವ ಸಾಧನಕ್ಕೆ ದಾರಿ ಕಿರಿದಾಗುತ್ತಿದೆ ಎಂಬ ಸುಳಿವು ಗಂಟೆಗಳ ಮೊದಲೇ ಸಿಗುತ್ತದೆ.

ಪೂರ್ತಿ ಅಡಚಣೆಯನ್ನು ಕೂಡ ಈ ವಿಧಾನ ಬೇಗ ಹಿಡಿಯುತ್ತದೆ. ಒಂದು ತಳ್ಳಿನ ನಂತರ ಒತ್ತಡ ಇಳಿಯದಿದ್ದರೆ ತಕ್ಷಣ ಕೂಗಬೇಕಾಗಿಲ್ಲ. ರೋಗಿ ಕೊಳವೆಯ ಮೇಲೆ ಒರಗಿರಬಹುದು, ಎದ್ದು ನಿಂತಿರಬಹುದು. ಸತತವಾಗಿ 4 ತಳ್ಳುಗಳಲ್ಲಿ ಒತ್ತಡ ಮೆಟ್ಟಿಲುಮೆಟ್ಟಿಲಾಗಿ ಏರಿ ಎಲ್ಲಿಯೂ ಇಳಿಯದಿದ್ದರೆ ಸಂದೇಹಕ್ಕೆ ಎಡೆಯಿಲ್ಲ. ಗಂಟೆಗೆ 1 ಯೂನಿಟ್ ದರದಲ್ಲಿ 3 ನಿಮಿಷಕ್ಕೆ ಒಂದು ತಳ್ಳು ಬೀಳುವುದರಿಂದ 12 ನಿಮಿಷದಲ್ಲಿ, 0.2 ಯೂನಿಟ್ ಮಾತ್ರ ಸಿಕ್ಕಿಕೊಂಡಿರುವಾಗಲೇ, ಸಾಧನ ಎಚ್ಚರಿಸಬಹುದು. ಅದೇ ಸಂವೇದಕ, ಅದೇ ಕೊಳವೆ. 2 ಗಂಟೆಯ ವಿಳಂಬ 12 ನಿಮಿಷಕ್ಕೆ ಇಳಿಯಿತು. ಇದಕ್ಕೆ ಬೇಕಾದುದು ಪ್ರತಿ ತಳ್ಳಿನ ಸುತ್ತ ಕೆಲವು ಸೆಕೆಂಡು ಕಾಲ, ಸೆಕೆಂಡಿಗೆ 100ಕ್ಕೆ ಕಡಿಮೆಯಿಲ್ಲದಂತೆ ಒತ್ತಡವನ್ನು ಓದುವುದು. ಉಳಿದ ಹೊತ್ತು ಸಂವೇದಕವನ್ನು ಮಲಗಿಸಿ ಬ್ಯಾಟರಿ ಉಳಿಸಬಹುದು. ನಿಜವಾದ ಅಂಗಾಂಶದಲ್ಲಿ ಒತ್ತಡದ ಇಳಿತ ನನ್ನ ಲೆಕ್ಕದಷ್ಟು ಚುರುಕಾಗಿರುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ. ಸೂಜಿಯ ತುದಿಯಲ್ಲಿ ಕೂಡಿಕೊಂಡ ಔಷಧಿ ಸುತ್ತಲಿನ ಕೊಬ್ಬಿನೊಳಗೆ ಹರಡಲು ಸಮಯ ಬೇಕಾಗುವುದರಿಂದ ಮೊದಲ ಚುರುಕಾದ ಇಳಿತದ ನಂತರ ಒಂದು ಉದ್ದನೆಯ ಬಾಲ ಉಳಿಯುತ್ತದೆ. ಹಾಗಾಗಿ ನಿಗದಿತ ಅಂಕಿಗೆ ಹೋಲಿಸುವುದಕ್ಕಿಂತ ಅದೇ ರೋಗಿಯ, ಅದೇ ಜಾಗದ ಮೊದಲ ಕೆಲವು ತಳ್ಳುಗಳಿಗೆ ಹೋಲಿಸುವುದು ಮೇಲು.

ಸಂವೇದಕವನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೆ ಈ ಅಂಕಿಗಳೇ ಉತ್ತರ ಕೊಡುತ್ತವೆ. ಸುಲಭದ ದಾರಿಯೆಂದರೆ ದ್ರವವನ್ನು ಮುಟ್ಟದೆ, ಪ್ಲಂಜರನ್ನು ತಳ್ಳುವ ದಂಡದ ಹಿಂದೆ ಬಲ ಸಂವೇದಕವನ್ನು ಕೂರಿಸುವುದು. ಆಸ್ಪತ್ರೆಯ ಅನೇಕ ಸಿರಿಂಜ್ ಪಂಪುಗಳು ಹೀಗೆಯೇ ಕೆಲಸ ಮಾಡುತ್ತವೆ. ಔಷಧಿಗೆ ಯಾವ ಹೊಸ ವಸ್ತುವಿನ ಸಂಪರ್ಕವೂ ಇಲ್ಲ, ಸಂವೇದಕವನ್ನು ಮತ್ತೆ ಮತ್ತೆ ಬಳಸಬಹುದು. ಆದರೆ ಆ ಸಂವೇದಕ ಒತ್ತಡದ ಜೊತೆಗೆ ಸಿರಿಂಜಿನ ಗೋಡೆಗೂ ರಬ್ಬರಿಗೂ ನಡುವಿನ ಘರ್ಷಣೆಯನ್ನೂ ಓದುತ್ತದೆ. ಸುಮಾರು 6.35 ಮಿಲಿಮೀಟರ್ ಒಳವ್ಯಾಸದ 1 ಮಿಲಿಲೀಟರ್ ಸಿರಿಂಜಿನಲ್ಲಿ, ಮೊದಲು ಹೇಳಿದ 420 ಕಿಲೋಪ್ಯಾಸ್ಕಲ್ ಒತ್ತಡ ಪ್ಲಂಜರಿನ ಮೇಲೆ 13 ನ್ಯೂಟನ್‌ನಷ್ಟು ಬಲವಾಗುತ್ತದೆ. ಘರ್ಷಣೆ ಕೆಲವು ನ್ಯೂಟನ್ ಇದ್ದರೂ ಸಹಿಸಬಹುದು. ನಿಮ್ಮ ನಿಧಾನದ ಸಾಧನದಲ್ಲಾದರೋ 400 ಪ್ಯಾಸ್ಕಲ್ ಎಂದರೆ ಅದೇ ಸಿರಿಂಜಿನಲ್ಲಿ 0.013 ನ್ಯೂಟನ್. ಅದರ ನೂರಾರು ಪಟ್ಟು ಇರುವ ಘರ್ಷಣೆಯ ಅಡಿಯಲ್ಲಿ ಅದನ್ನು ಹುಡುಕುವುದು ಅಸಾಧ್ಯ. ಮೇಲಾಗಿ ಬಹಳ ನಿಧಾನವಾಗಿ ಸರಿಯುವ ರಬ್ಬರು ಒಂದೇ ಸಮನೆ ಸರಿಯುವುದಿಲ್ಲ, ಅಂಟಿಕೊಂಡು ನಿಂತು ಆಮೇಲೆ ಜಾರುತ್ತದೆ. ಆ ಜಾರುವಿಕೆಯೇ ಸುಳ್ಳು ಸಂಕೇತವಾಗಿ ಕಾಣುತ್ತದೆ. ಮೋಟಾರಿನ ವಿದ್ಯುತ್ ಪ್ರವಾಹದಿಂದ ಒತ್ತಡವನ್ನು ಊಹಿಸುವ ವಿಧಾನ ಇದಕ್ಕಿಂತಲೂ ಒರಟು, ಅದರಲ್ಲಿ ಗೇರುಗಳ ಘರ್ಷಣೆಯೂ ಸೇರಿಕೊಳ್ಳುತ್ತದೆ. ಆದ್ದರಿಂದ ನಿಮಗೆ ಬೇಕಾದುದು ದ್ರವದ ದಾರಿಯಲ್ಲೇ, ಪ್ಲಂಜರಿನ ಆಚೆಗೆ, ಸಾಧ್ಯವಾದಷ್ಟು ಸೂಜಿಯ ಹತ್ತಿರದಲ್ಲಿ ಇಡುವ ಸಂವೇದಕ.

ಹತ್ತಿರ ಎಂದಾಗ ಔಷಧಿ ನೇರವಾಗಿ ಸಿಲಿಕಾನನ್ನು ಮುಟ್ಟಬೇಕೆಂದು ಅರ್ಥವಲ್ಲ. ತೆಳುವಾದ ಪಾಲಿಮರ್ ಪೊರೆಯೊಂದನ್ನು ದಾರಿಯ ಪಕ್ಕದ ಗೋಡೆಯಾಗಿ ಮಾಡಿ, ಅದರ ಹಿಂದೆ ಸಂವೇದಕವನ್ನು ಒತ್ತಿ ಕೂರಿಸಿದರೆ, ಪೊರೆ ಮತ್ತು ಕೊಳವೆ ಬಳಸಿ ಬಿಸಾಡುವ ಭಾಗವಾಗುತ್ತವೆ, ಸಂವೇದಕ ಮತ್ತು ಎಲೆಕ್ಟ್ರಾನಿಕ್ಸ್ ಉಳಿಯುವ ಭಾಗವಾಗುತ್ತವೆ. ಕ್ರಿಮಿಶುದ್ಧಿಯ ದೃಷ್ಟಿಯಿಂದಲೂ ಇದು ಅನುಕೂಲ, ಏಕೆಂದರೆ ಗಾಮಾ ವಿಕಿರಣ ಅರೆವಾಹಕ ಭಾಗಗಳನ್ನು ಹಾಳುಮಾಡಬಲ್ಲದು. ಪೊರೆಯ ಗಡಸುತನದಿಂದ ಸಂವೇದನೆ ಸ್ವಲ್ಪ ಕುಂದುತ್ತದೆ, ಎರಡರ ನಡುವೆ ಗಾಳಿ ಸಿಕ್ಕಿಕೊಂಡರೆ ಅಳತೆ ಮಂದವಾಗುತ್ತದೆ, ಪೊರೆ ತುಂಬ ಮೃದುವಾದರೆ ಅದೇ ವ್ಯವಸ್ಥೆಯ ಹಿಗ್ಗುವಿಕೆಯನ್ನು ಹೆಚ್ಚಿಸಿ ನಿಮ್ಮ ವಿರುದ್ಧ ಕೆಲಸ ಮಾಡುತ್ತದೆ. ದ್ರವ ನಿಂತುಬಿಡುವ ಮೂಲೆಗಳು ಪೊರೆಯ ಸುತ್ತ ಇರಬಾರದು. ಗುಳ್ಳೆಗಳು ಸೇರುವುದೂ ಪ್ರೋಟೀನ್ ಅಂಟುವುದೂ ಅಲ್ಲಿಯೇ.

ಸಂವೇದಕದ ಬಗೆಯ ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ಸಿಲಿಕಾನ್ ಪೊರೆಯ ಮೇಲೆ ನಾಲ್ಕು ರೆಸಿಸ್ಟರುಗಳನ್ನು ವೀಟ್‌ಸ್ಟನ್ ಸೇತುವೆಯಾಗಿ ಜೋಡಿಸಿದ ಪೀಜೋರೆಸಿಸ್ಟಿವ್ ಸಂವೇದಕ, ಅಂದರೆ ಒತ್ತಿದಾಗ ವಿದ್ಯುತ್ ಪ್ರತಿರೋಧ ಬದಲಾಗುವಂಥದು, ಸುಲಭವಾಗಿ ಸಿಗುತ್ತದೆ. ಸಿಲಿಕಾನ್‌ನ ಈ ಗುಣವನ್ನು ಚಾರ್ಲ್ಸ್ ಸ್ಮಿತ್ 1954ರಲ್ಲಿ ವರದಿ ಮಾಡಿದಾಗಿನಿಂದ ಈ ತಂತ್ರ ಬಹಳ ಪಳಗಿದೆ. ಕೆಪಾಸಿಟಿವ್ ಬಗೆಯದು ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುತ್ತದೆ. ಯಾವುದನ್ನು ಆರಿಸಿದರೂ ಎರಡು ಎಚ್ಚರಿಕೆಗಳು ಬೇಕು. ಪೀಜೋರೆಸಿಸ್ಟಿವ್ ಸಂವೇದಕದ ಶೂನ್ಯಬಿಂದು ಉಷ್ಣತೆಯೊಂದಿಗೆ ಸರಿಯುತ್ತದೆ. ಮೈಗೆ ಅಂಟಿದ ಸಾಧನ ಕೋಣೆಯ ಉಷ್ಣತೆಯಿಂದ ಚರ್ಮದ ಉಷ್ಣತೆಗೆ ನಿಧಾನವಾಗಿ ಬಿಸಿಯಾಗುವಾಗ ಈ ಸರಿತವನ್ನು ಒತ್ತಡದ ಏರಿಕೆ ಎಂದು ಭ್ರಮಿಸಬಾರದು. ಪಕ್ಕದಲ್ಲೇ ಉಷ್ಣತಾ ಸಂವೇದಕ ಇದ್ದರೆ ಅದನ್ನು ಸರಿದೂಗಿಸಬಹುದು, ಸ್ನಿಗ್ಧತೆಯ ಅಂದಾಜಿಗೂ ಅದು ಬೇಕೇ ಬೇಕು. ಇನ್ನೊಂದು, ನಿರ್ವಾತಕ್ಕೆ ಹೋಲಿಸಿ ಅಳೆಯುವ ಸಂವೇದಕ ವಾತಾವರಣದ ಬದಲಾವಣೆಯನ್ನೂ ಸೇರಿಸಿ ಓದುತ್ತದೆ. ವಾತಾವರಣಕ್ಕೆ ಹೋಲಿಸಿ ಅಳೆಯುವುದಕ್ಕೆ ಹೊರಗಾಳಿಯ ರಂಧ್ರ ಬೇಕು, ಬೆವರು ಮತ್ತು ನೀರು ಆ ರಂಧ್ರವನ್ನು ಮುಚ್ಚಬಹುದು. ಪ್ರತಿ ತಳ್ಳಿಗೆ ಮುಂಚಿನ ಓದನ್ನು ಆಧಾರವಾಗಿ ಹಿಡಿದು, ಏರಿಕೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಈ ಎರಡೂ ತೊಂದರೆಗಳು ಬಹಳಷ್ಟು ಕಡಿಮೆಯಾಗುತ್ತವೆ.

ಒತ್ತಡಕ್ಕೆ ಕಾಣದ ವಿಷಯಗಳನ್ನು ಈಗ ಹೇಳಬೇಕು, ಏಕೆಂದರೆ ರೋಗಿಯ ಸುರಕ್ಷತೆ ನಿಂತಿರುವುದು ಇದರ ಮೇಲೆ. ಸೂಜಿ ಚರ್ಮದಿಂದ ಹೊರಬಂದು ಔಷಧಿ ಅಂಟುಪಟ್ಟಿಯ ಕೆಳಗೆ ಸೋರುತ್ತಿದ್ದರೆ ದಾರಿಯಲ್ಲಿ ಯಾವ ಅಡಚಣೆಯೂ ಇಲ್ಲ. ಒತ್ತಡ ಬಹಳ ಚೆನ್ನಾಗಿ, ಅಂಗಾಂಶದ ಪ್ರತಿರೋಧವೂ ಇಲ್ಲದೆ ಇಳಿಯುತ್ತದೆ. ಅಡಚಣೆಯನ್ನಷ್ಟೇ ಹುಡುಕುವ ಸಾಧನಕ್ಕೆ ಇದು ಅತ್ಯುತ್ತಮ ಸ್ಥಿತಿಯಾಗಿ ಕಾಣುತ್ತದೆ. ಅದೇ ರೀತಿ ರಕ್ತನಾಳದಲ್ಲಿ ಇರಬೇಕಾದ ಕ್ಯಾನುಲಾ ಎಂಬ ಸಣ್ಣ ಕೊಳವೆ ನಾಳದ ಹೊರಗೆ ಜಾರಿ, ಔಷಧಿ ಸುತ್ತಲಿನ ಅಂಗಾಂಶಕ್ಕೆ ಹೋಗುತ್ತಿದ್ದರೂ ಪಂಪಿನ ಒತ್ತಡ ಮಿತಿಯೊಳಗೇ ಇರುವುದು ಸಾಮಾನ್ಯ. ಪಂಪು ಸುಮ್ಮನಿದೆ ಎಂದು ದಾದಿಯರು ಸೂಜಿಯ ಜಾಗವನ್ನು ಕಣ್ಣಿಂದ ನೋಡುವುದನ್ನು ಎಂದಿಗೂ ಬಿಡಬಾರದೆಂದು ಹೇಳಿಕೊಡುವುದು ಇದಕ್ಕೇ. ಕೀಮೋಥೆರಪಿಯ ನಂತರ ಕೊಡುವ ಪೆಗ್‌ಫಿಲ್‌ಗ್ರಾಸ್ಟಿಮ್ ಎಂಬ ಔಷಧಿಗೆ ಮೈಗೆ ಅಂಟಿಸುವ ಸಾಧನವೊಂದಿದೆ. ಅಂಟಿಸಿದ ಸುಮಾರು 27 ಗಂಟೆಗಳ ನಂತರ ಅದು ತಾನಾಗಿ ಕೆಲಸ ಆರಂಭಿಸಿ ಸುಮಾರು 45 ನಿಮಿಷದಲ್ಲಿ ಔಷಧಿ ಕೊಡುತ್ತದೆ. ಆ ಹೊತ್ತಿಗೆ ರೋಗಿ ಮನೆಯಲ್ಲಿರುತ್ತಾರೆ, ಪಕ್ಕದಲ್ಲಿ ದಾದಿ ಇರುವುದಿಲ್ಲ. ಇಂತಹ ಸಾಧನಗಳಲ್ಲಿ ಸೋರಿಕೆ ತಿಳಿಯದೇ ಹೋದರೆ ಬಿಳಿ ರಕ್ತಕಣಗಳು ಕುಸಿದ ರೋಗಿಗೆ ರಕ್ಷಣೆ ತಪ್ಪಿಹೋಗುತ್ತದೆ. ನಿಧಾನದ ಸಾಧನದಲ್ಲಿ ಅಂಗಾಂಶದಿಂದ ಬರುವ ಆ ಉದ್ದನೆಯ ಬಾಲ ಇದ್ದಕ್ಕಿದ್ದಂತೆ ಮಾಯವಾದರೆ ಸೋರಿಕೆಯ ಸಂಶಯ ಪಡಬಹುದು, ಆದರೆ ಅದು ಸಂಶಯ ಮಾತ್ರ. ಚರ್ಮ ಮತ್ತು ಅಂಟುಪಟ್ಟಿಯ ನಡುವೆ ತೇವವನ್ನು ಗುರುತಿಸುವ ಪ್ರತ್ಯೇಕ ವಿದ್ಯುದ್ವಾರಗಳನ್ನು ಇಡುವುದು ನನ್ನ ಸಲಹೆ.

ಒತ್ತಡದ ಓದು ಸೂಜಿಯ ತುದಿ ಎಲ್ಲಿದೆ ಎಂದು ತಿಳಿಸುವ ಸಂದರ್ಭಗಳೂ ಇವೆ. ನರಗಳ ಸುತ್ತ ಅರಿವಳಿಕೆ ಕೊಡುವಾಗ ಔಷಧಿ ಹರಿಯಲು ಆರಂಭಿಸುವ ಒತ್ತಡ ಚದರ ಇಂಚಿಗೆ 15 ಪೌಂಡ್, ಅಂದರೆ ಸುಮಾರು 103 ಕಿಲೋಪ್ಯಾಸ್ಕಲ್ ದಾಟಿದರೆ ಸೂಜಿ ನರಕ್ಕೆ ತಾಗಿರಬಹುದೆಂದು ಅರಿವಳಿಕೆ ತಜ್ಞರು ಕೈತಡೆಯುತ್ತಾರೆ. ಬೆನ್ನುಹುರಿಯ ಹೊರಪೊರೆಯ ಸುತ್ತ ಅರಿವಳಿಕೆ ಕೊಡುವ ಎಪಿಡ್ಯೂರಲ್ ಸೂಜಿ ಗಟ್ಟಿಯಾದ ಅಸ್ಥಿರಜ್ಜುವನ್ನು ದಾಟಿ ಸಡಿಲವಾದ ಜಾಗಕ್ಕೆ ಬಂದಾಗ ಪ್ರತಿರೋಧ ಥಟ್ಟನೆ ಇಳಿಯುವುದನ್ನು ವೈದ್ಯರು ಬಹಳ ಕಾಲದಿಂದ ಬೆರಳಿನಿಂದ ಗುರುತಿಸುತ್ತಿದ್ದಾರೆ. ಅದನ್ನೇ ಸಂವೇದಕದಿಂದ ಪರದೆಯ ಮೇಲೆ ತೋರಿಸುವ ಉಪಕರಣಗಳೂ ಇವೆ. ಎರಡೂ ಕಡೆ ಹರಿವನ್ನು ನಿಧಾನಗೊಳಿಸಿ, ಸೂಜಿಯ ಪಾಲನ್ನು ಕಡಿಮೆ ಮಾಡಿ, ಅಂಗಾಂಶದ ಪಾಲನ್ನು ಮೇಲಕ್ಕೆ ತಂದಿರುವುದನ್ನು ನೀವು ಗಮನಿಸಬೇಕು.

ಆಟೋ ಇಂಜೆಕ್ಟರಿನ ಪ್ರಶ್ನೆಗೆ ಉತ್ತರ ಚಿಕ್ಕದು. ಅಲ್ಲಿ ಎಲ್ಲವೂ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ, ನಡುವೆ ತಡೆದು ಸರಿಪಡಿಸಲು ಅವಕಾಶವಿಲ್ಲ, ಆದ್ದರಿಂದ ಸಂವೇದಕ ನಡೆದುದನ್ನು ದಾಖಲಿಸಲು ಮಾತ್ರ ನೆರವಾಗುತ್ತದೆ. ಗುಂಡಿ ಒತ್ತಿದಾಗ ರಬ್ಬರನ್ನು ಕದಲಿಸುವ ಮೊದಲ ಏರಿಕೆ, ಆಮೇಲೆ ಸ್ಪ್ರಿಂಗ್ ಬಿಚ್ಚಿಕೊಂಡಂತೆ ಬಲ ಕುಗ್ಗುವುದರಿಂದ ನಿಧಾನವಾಗಿ ಇಳಿಯುವ ಒತ್ತಡ, ಪ್ಲಂಜರ್ ಸಿರಿಂಜಿನ ತಳ ಮುಟ್ಟಿದಾಗ ದ್ರವದ ಒತ್ತಡ ಒಮ್ಮೆಗೇ ಬಿದ್ದುಹೋಗುವುದು, ಈ ಮೂರು ಘಟ್ಟಗಳು ಕ್ರಮವಾಗಿ ಕಂಡರೆ ಸಿರಿಂಜು ಖಾಲಿಯಾಗಿದೆ. ಮೂರನೆಯ ಘಟ್ಟಕ್ಕೆ ಮುಂಚೆಯೇ ಒತ್ತಡ ಬಿದ್ದರೆ ಗಾಜು ಒಡೆದಿರಬಹುದು ಅಥವಾ ರಬ್ಬರಿನ ಬಳಿ ಸೋರಿಕೆಯಾಗಿರಬಹುದು. ರೋಗಿ ನೋವಿಗೆ ಹೆದರಿ ಸೂಜಿಯನ್ನು ಅರ್ಧದಲ್ಲೇ ಕಿತ್ತರೆ ಈ ಚಿತ್ರದಲ್ಲಿ ಬಹುತೇಕ ಏನೂ ಬದಲಾಗುವುದಿಲ್ಲ, ಏಕೆಂದರೆ ಮೊದಲೇ ಹೇಳಿದಂತೆ ಒತ್ತಡವೆಲ್ಲ ಸೂಜಿಯದು. ಅದಕ್ಕೆ ಚರ್ಮದ ಸ್ಪರ್ಶವನ್ನು ಗುರುತಿಸುವ ಬೇರೆ ಸಂವೇದಕ ಬೇಕು.

ತಂತ್ರಾಂಶದ ವಿಷಯದಲ್ಲಿ ಒಂದೇ ಮಾತು ಒತ್ತಿ ಹೇಳುತ್ತೇನೆ: ಸಂವೇದಕ ಸತ್ತುಹೋದರೂ ಸಾಧನಕ್ಕೆ ತಿಳಿಯಬೇಕು. ತಂತಿ ಕಡಿದ ಸಂವೇದಕ ಒಂದೇ ಅಂಕಿಯನ್ನು ಶಾಂತವಾಗಿ ತೋರಿಸುತ್ತಿರುತ್ತದೆ, ಮಿತಿಯನ್ನು ಎಂದೂ ದಾಟುವುದಿಲ್ಲ. ಮೋಟಾರು ತಳ್ಳಿದಾಗ ಒತ್ತಡ ಸ್ವಲ್ಪವೂ ಅಲುಗದಿದ್ದರೆ ಅದನ್ನೇ ದೋಷವೆಂದು ಪರಿಗಣಿಸಿ. ವೈದ್ಯಕೀಯ ಸಾಧನಗಳ ಅಪಾಯ ನಿರ್ವಹಣೆಯ ಮಾನದಂಡವಾದ ಐಎಸ್‌ಒ 14971ರ ಪ್ರಕಾರ ಅಪಾಯಗಳ ಪಟ್ಟಿ ಮಾಡುವಾಗ ಅಡಚಣೆ ಗೊತ್ತಾಗದಿರುವುದನ್ನೂ ಸುಳ್ಳು ಅಲಾರಂ ಪದೇ ಪದೇ ಹೊಡೆಯುವುದನ್ನೂ ಬೇರೆ ಬೇರೆ ಅಪಾಯಗಳಾಗಿ ಬರೆಯಿರಿ, ಏಕೆಂದರೆ ರಾತ್ರಿ ಮೂರು ಸಲ ಸುಮ್ಮಸುಮ್ಮನೆ ಎಬ್ಬಿಸಿದ ಸಾಧನದ ನಾಲ್ಕನೆಯ ಕೂಗನ್ನು ಯಾರೂ ಲೆಕ್ಕಿಸುವುದಿಲ್ಲ.

ಕೊನೆಯದಾಗಿ ಪ್ರಯೋಗಾಲಯದ ಕೆಲಸ. ಔಷಧಿಯ ಬದಲು ಗ್ಲಿಸರಾಲ್ ಮತ್ತು ನೀರಿನ ಮಿಶ್ರಣ ಬಳಸಿ. ತೂಕದಲ್ಲಿ ಶೇಕಡಾ 60 ಗ್ಲಿಸರಾಲ್ ಇದ್ದರೆ 20 ಡಿಗ್ರಿಯಲ್ಲಿ ಸ್ನಿಗ್ಧತೆ ನೀರಿನ ಸುಮಾರು 10 ಪಟ್ಟು. ಹೊರಬಂದ ದ್ರವವನ್ನು 0.1 ಮಿಲಿಗ್ರಾಂವರೆಗೆ ತೂಗುವ ತಕ್ಕಡಿಯ ಮೇಲೆ ಸಂಗ್ರಹಿಸಿ. 1 ಮೈಕ್ರೋಲೀಟರ್ ನೀರು 1 ಮಿಲಿಗ್ರಾಂ ತೂಗುವುದರಿಂದ ಅರ್ಧ ಮೈಕ್ರೋಲೀಟರಿನ ತಳ್ಳು ಕೂಡ ಕಾಣುತ್ತದೆ. ನೀರನ್ನು ನಿಧಾನವಾಗಿ ಹರಿಸುವಾಗ ಅದು ಆವಿಯಾಗುವುದೇ ದೊಡ್ಡ ತಪ್ಪಾಗುತ್ತದೆ, ಆದ್ದರಿಂದ ಸಂಗ್ರಹದ ಮೇಲೆ ತೆಳುವಾಗಿ ಎಣ್ಣೆ ಹಾಕಿ ಸೂಜಿಯ ತುದಿಯನ್ನು ಎಣ್ಣೆಯ ಕೆಳಗೆ ಮುಳುಗಿಸಿಡಿ. ಮೊದಲು ತುದಿ ಮುಚ್ಚಿ, ತಿಳಿದಷ್ಟು ಪ್ರಮಾಣ ತಳ್ಳಿ, ನಿಮ್ಮದೇ ಸಾಧನದ ಹಿಗ್ಗುವಿಕೆಯನ್ನು ಅಳೆಯಿರಿ. ನಾನು ಊಹಿಸಿದ 0.2ರ ಜಾಗದಲ್ಲಿ ಆ ಅಂಕಿಯನ್ನು ಹಾಕಿ ಇಲ್ಲಿನ ಲೆಕ್ಕಗಳನ್ನೆಲ್ಲ ಮತ್ತೆ ಮಾಡಿ. ಬೇಕೆಂದೇ 100 ಮೈಕ್ರೋಲೀಟರ್ ಗಾಳಿ ಸೇರಿಸಿ ಅದನ್ನೇ ಪುನರಾವರ್ತಿಸಿ. ಅಲಾರಂ ಯಾವಾಗ ಹೊಡೆಯಬೇಕು ಎಂಬ ನಿಮ್ಮ ಪ್ರಶ್ನೆಗೆ ನಾನು ಒಂದು ಅಂಕಿ ಕೊಡದಿರುವುದು ಇದಕ್ಕಾಗಿಯೇ: ಆ ಅಂಕಿ ನಿಮ್ಮ ಕೊಳವೆಯ ಗುಣದಿಂದಲೂ, ನಿಮ್ಮ ಔಷಧಿಯ ಎಷ್ಟು ಪ್ರಮಾಣ ತಪ್ಪಿಹೋದರೆ ರೋಗಿಗೆ ಹಾನಿ ಎಂಬ ವೈದ್ಯರ ಉತ್ತರದಿಂದಲೂ ಬರಬೇಕು, ಆ ವೈದ್ಯರನ್ನು ಸಂವೇದಕ ಕೊಳ್ಳುವ ಮೊದಲೇ ಕೇಳಿ.